ನಲವತ್ತೈದು ಹೆಜ್ಜೆಯ ಮೂಲೆ

ತನಿಖೆಯ ದಿನ ಹಗ್ಗದ ತುದಿ ಹಿಡಿಯಲು ಅವಳನ್ನೇ ಕರೆದರು. ಗುಂಪಿನಲ್ಲಿ ಬೇರೆ ಯಾರಿಗೂ ಆ ಕೆಲಸ ನೆಟ್ಟಗೆ ಬರುತ್ತಿರಲಿಲ್ಲ.

ಅಕ್ಕ ಸತ್ತು ಹದಿನಾರು ದಿನವಾಗಿತ್ತು. ಸತ್ತದ್ದು ಹೊಸ ಕೈಗಾರಿಕಾ ಬಡಾವಣೆಯ ಮೊದಲ ತಿರುವಿನಲ್ಲಿ, ಹಾಡಹಗಲು, ಲಾರಿಯ ಚಕ್ರಕ್ಕೆ ಸಿಕ್ಕಿ. ಆ ತಿರುವಿನ ಅಂಚುಗಲ್ಲುಗಳನ್ನು ಒಂದೊಂದಾಗಿ ಕೂರಿಸಿದವಳು ತಂಗಿ. ಈಗ ಆ ತಿರುವು ನಿಯಮದ ಪ್ರಕಾರ ಇದೆಯೇ ಎಂದು ಅಳೆಯಲು ಅಧಿಕಾರಿ ಬರುವವನಿದ್ದ. ಅಳತೆ ತಪ್ಪಿದ್ದರೆ ತಪ್ಪು ರಸ್ತೆಯದು. ಅಳತೆ ಸರಿಯಿದ್ದರೆ ತಪ್ಪು ನಡೆದವಳದು. ಅವನ ಕಾಗದದಲ್ಲಿ ಇದ್ದದ್ದು ಎರಡೇ ಚೌಕ.

"ಮನಸ್ಸಿಲ್ಲದಿದ್ರೆ ಬೇಡ ಬಿಡು," ಎಂದ ಮೇಸ್ತ್ರಿ. ಬಾಗಿಲಲ್ಲಿ ನಿಂತೇ ಮಾತಾಡಿದ, ಒಳಗೆ ಬರಲಿಲ್ಲ. ಒಂದೇ ಕೋಣೆಯ ಮನೆ. ಗೋಡೆಯ ಮೊಳೆಗೆ ಅಕ್ಕನ ನೀಲಿ ಕೋಟು ಇನ್ನೂ ನೇತಾಡುತ್ತಿತ್ತು. "ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ. ಆದ್ರೆ ಅವರ ಕೈಲಿ ಹಗ್ಗ ಕೊಟ್ರೆ ಒಂದ್ಸಲ ಹದಿನೈದು ಬರುತ್ತೆ, ಇನ್ನೊಂದ್ಸಲ ಹದಿನೈದೂಕಾಲು. ನಿನಗೆ ಗೊತ್ತಲ್ಲ."

"ಬರ್ತೀನಿ."

"ಕೊನೇಲಿ ಒಂದು ಸಹಿ ಕೇಳ್ತಾರೆ."

"ಏನಂತ?"

"ಇದನ್ನ ಕಟ್ಟಿದ್ದು ನಾನು, ನಿಯಮದ ಪ್ರಕಾರ ಕಟ್ಟಿದ್ದೀನಿ ಅಂತ. ಅಷ್ಟೇ." ಅವನು ತನ್ನ ಚಪ್ಪಲಿ ನೋಡಿಕೊಂಡ. "ಸಹಿ ಹಾಕಿದ್ರೆ ನಿನ್ನ ಹೆಸರು ಕಾಯಂ ಪಟ್ಟಿಗೆ ಹೋಗುತ್ತಂತೆ. ನಾನು ಹೇಳಿದ್ದಲ್ಲಮ್ಮ. ಮೇಲಿನವರು ಹೇಳಿಕಳಿಸಿದ್ದು."

ಅವಳು ಮೂಲೆಯಲ್ಲಿದ್ದ ಎರಡು ಹಗ್ಗಗಳ ಸುರುಳಿಯನ್ನೂ ಹೆಗಲಿಗೆ ಹಾಕಿಕೊಂಡಳು.

ಹನ್ನೊಂದು ವರ್ಷದಿಂದ ಅವಳದು ಇದೇ ಕೆಲಸ. ಕೆಲಸದ ಜಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ, ಹಗ್ಗದವಳು ಎನ್ನುತ್ತಾರೆ. ರಸ್ತೆ ನೇರವಿರುವ ಕಡೆ ಅಂಚುಗಲ್ಲನ್ನು ಯಾರು ಬೇಕಾದರೂ ಕೂರಿಸಬಹುದು. ದಾರ ಎಳೆದರೆ ಮುಗಿಯಿತು. ಮೂಲೆಯಲ್ಲಿ ಸಾಲು ಬಾಗಬೇಕು. ಕಲ್ಲು ಬಾಗುವ ವಸ್ತುವಲ್ಲ. ಒಂದೊಂದನ್ನೂ ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು. ಅದಕ್ಕೆ ಹಗ್ಗ. ಒಳಗಡೆ ನೆಲಕ್ಕೆ ಗೂಟ ಬಡಿದು, ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ನಡೆದರೆ ನೆಲದ ಮೇಲೆ ವೃತ್ತದ ಕಾಲುಭಾಗ ಬೀಳುತ್ತದೆ. ಆದರೆ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಬಿಸಿಲಿಗೆ ಒಂದು ಉದ್ದ, ಇಬ್ಬನಿಗೆ ಇನ್ನೊಂದು. ಪ್ರತಿ ಸಲವೂ ಅಷ್ಟೇ ಬಲ ಹಾಕಿ ಎಳೆಯಬೇಕು. ಅಷ್ಟು ಎಂದರೆ ಎಷ್ಟು ಎಂದು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ಅವಳ ಭುಜಕ್ಕೆ ಗೊತ್ತು.

ಒಂದು ಕಲ್ಲಿನ ತೂಕ ನಲವತ್ತೆಂಟು ಕೆಜಿ. ಇಬ್ಬರು ಹಿಡಿಯಬೇಕೆಂದು ನಿಯಮ. ಇಬ್ಬರು ಎಂದೂ ಇರುವುದಿಲ್ಲ. ಒಂಟಿಯಾಗಿ ಕಲ್ಲನ್ನು ನಿಲ್ಲಿಸಿ, ಎಡಮೂಲೆ ಬಲಮೂಲೆ ಊರಿಸುತ್ತ, ಕುಡಿದವನನ್ನು ಮನೆಗೆ ನಡೆಸಿಕೊಂಡು ಹೋದ ಹಾಗೆ ನಡೆಸುವುದನ್ನು ಅವಳು ಕಲಿತಿದ್ದಳು. ಎರಡು ಬೆರಳಿಗೆ ಉಗುರು ಬರುವುದು ನಿಂತುಹೋಗಿತ್ತು. ಸಿಮೆಂಟು ಬೆರಳ ತುದಿಯ ಗೆರೆಗಳನ್ನೆಲ್ಲ ತಿಂದಿತ್ತು. ಹಾಜರಾತಿ ಯಂತ್ರಕ್ಕೆ ಬೆರಳಿಟ್ಟರೆ ಅದು ಪ್ರತಿ ಬೆಳಿಗ್ಗೆ "ಗುರುತು ಸಿಗಲಿಲ್ಲ" ಎನ್ನುತ್ತಿತ್ತು.

"ಯಂತ್ರಕ್ಕೂ ನಾನು ಯಾರು ಅಂತ ಗೊತ್ತಿಲ್ಲ ಕಣೆ," ಎಂದು ಅವಳು ಅಕ್ಕನಿಗೆ ಹೇಳಿ ನಗುತ್ತಿದ್ದಳು.

"ಗೊತ್ತಿದ್ದಿದ್ರೆ ಇನ್ನೆರಡು ಕಲ್ಲು ಜಾಸ್ತಿ ಹೊರಿಸ್ತಿತ್ತು. ಸುಮ್ನಿರು," ಎನ್ನುತ್ತಿದ್ದಳು ಅಕ್ಕ.

ಅಕ್ಕ ಆ ಕೈಗಾರಿಕಾ ಬಡಾವಣೆಯಲ್ಲೇ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿದ್ದಳು; ಊರೊಳಗಿದ್ದ ಕಾರ್ಖಾನೆ ಕಳೆದ ವರ್ಷವಷ್ಟೇ ಅಲ್ಲಿಗೆ ಬಂದಿತ್ತು. ಇಪ್ಪತ್ತು ವರ್ಷ ನಿಂತೇ ಪೆಟ್ಟಿಗೆ ಮಡಚಿ ಬಲಮಂಡಿ ಕೆಟ್ಟಿತ್ತು. ಮಂಡಿ ನೋವು ಮರೆಯಲು ಹೆಜ್ಜೆ ಎಣಿಸುವ ಅಭ್ಯಾಸ ಮಾಡಿಕೊಂಡಿದ್ದಳು. ಮನೆಯಿಂದ ಕಾರ್ಖಾನೆಯ ಗೇಟಿಗೆ ಎರಡು ಸಾವಿರದ ನೂರಾ ಹತ್ತು. ಗೇಟಿನಿಂದ ಅವಳ ಮೇಜಿಗೆ ತೊಂಬತ್ತಾರು. ತುಟಿ ಅಲುಗಿಸುತ್ತ ನಡೆಯುವ ಅವಳನ್ನು ನೋಡಿದವರು ದೇವರ ಧ್ಯಾನ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಊರಾಚೆಯ ಆ ಬಯಲನ್ನು ಎರಡು ಪಾಲು ಮಾಡಿದ್ದರು. ನಡುವೆ ಒಂದು ಚರಂಡಿ. ಆಚೆ ಮನೆಗಳ ಬಡಾವಣೆ, ಈಚೆ ಕಾರ್ಖಾನೆಗಳದು. ಎರಡಕ್ಕೂ ಒಂದೇ ನಿಯಮದ ಪುಸ್ತಕ. ಇಂಜಿನಿಯರ್ ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಸದಾ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಮನೆಗಳ ಕಡೆ ಮೂಲೆಯ ತ್ರಿಜ್ಯ ನಾಲ್ಕೂವರೆ ಮೀಟರ್: ತಿರುವು ಬಿಗಿ, ಕಾರು ನಿಧಾನವಾಗಲೇಬೇಕು. ಎರಡೂ ಬದಿ ಕಾಲುದಾರಿ. ಮಗುವಿನ ಗಾಡಿ ಇಳಿಯಲು ಕಾಲುದಾರಿಯ ತುದಿಯಲ್ಲಿ ಇಳಿಜಾರು. ಕಾರ್ಖಾನೆಗಳ ಕಡೆ ತ್ರಿಜ್ಯ ಹದಿನೈದು: ಲಾರಿ ವೇಗ ಇಳಿಸದೆ ತಿರುಗಬೇಕು. ಕಾಲುದಾರಿಯ ಸಾಲಿನಲ್ಲಿ ಒಂದೇ ಪದ ಅಚ್ಚಾಗಿತ್ತು. ಅನ್ವಯಿಸುವುದಿಲ್ಲ.

ಅದಕ್ಕೇ ಎರಡು ಹಗ್ಗ. ಮನೆಗಳಿಗೆ ಕೆಂಪು, ನಾಲ್ಕೂವರೆ. ಕಾರ್ಖಾನೆಗೆ ಹಳದಿ, ಹದಿನೈದು.

ಆರು ತಿಂಗಳ ಹಿಂದೆ ಅವಳು ಒಂದು ತಪ್ಪು ಮಾಡಿದಳು. ಹನ್ನೊಂದು ವರ್ಷದಲ್ಲಿ ಮಾಡಿದ ಒಂದೇ ತಪ್ಪು. ಬೆಳಗಿನಿಂದ ಮನೆಗಳ ಕಡೆ ಕೆಲಸ ಮಾಡುತ್ತಿದ್ದವಳನ್ನು ಮೇಸ್ತ್ರಿ ಮಧ್ಯಾಹ್ನ ಊಟವಾದ ಮೇಲೆ ಚರಂಡಿ ದಾಟಿಸಿ ಈಚೆ ಕಳಿಸಿದ. ಕೆಂಪು ಹಗ್ಗ ಹೆಗಲ ಮೇಲೇ ಇತ್ತು. ಮೂಲೆ ನೋಡಿದಳು. ಪಕ್ಕದ ಕಚ್ಚಾ ದಾರಿಯಲ್ಲಿ ಆಗಲೇ ಪಾಳಿಯ ಹೆಂಗಸರು ಸಾಲಾಗಿ ನಡೆಯುತ್ತಿದ್ದರು. ನಡೆಯುವವರಿರುವ ಮೂಲೆ ಎಂದರೆ ಕೆಂಪು ಹಗ್ಗದ ಮೂಲೆ, ಅಷ್ಟೇ ಅವಳ ಕೈಗೆ ತೋಚಿದ್ದು. ಗೂಟ ಬಡಿದಳು. ಒಳರಸ್ತೆ ಬಂದು ಸೇರುವ ರಸ್ತೆಬಾಯಿಯ ಎರಡೂ ಮೂಲೆಗೆ ಹದಿನೈದು ಹದಿನೈದು, ಒಟ್ಟು ಮೂವತ್ತು ಕಲ್ಲು. ಕತ್ತಲಾಗುವುದರೊಳಗೆ ಮುಗಿಸಿ ಗಾರೆ ತುಂಬಿದಳು. ಎಲ್ಲೂ ಒಂದು ಕಲ್ಲು ಮೂತಿ ಮುಂದೆ ಚಾಚಿರಲಿಲ್ಲ.

ಮರುದಿನ ಇಂಜಿನಿಯರ್ ಬಂದು ನೋಡಿದ. ಅವನಿಗೆ ಮೀಸೆ ಇನ್ನೂ ಸರಿಯಾಗಿ ಕೂತಿರಲಿಲ್ಲ, ದನಿ ಮಾತ್ರ ಕೂತಿತ್ತು.

"ಯಾರು ಇದನ್ನ ಹಾಕಿದ್ದು? ಕಣ್ಣು ಎಲ್ಲಿಟ್ಟಿದ್ದೆ? ಇಲ್ಲಿ ಲಾರಿ ತಿರುಗಬೇಕಾ, ಆಟದ ಗಾಡಿ ತಿರುಗಬೇಕಾ?"

"ತಪ್ಪಾಯ್ತು ಸಾರ್. ಜನ ಓಡಾಡ್ತಿದ್ರು, ಅದಕ್ಕೆ..."

"ಯಾವ ಜನ? ಪುಸ್ತಕ ನೋಡು. ಓದೋಕೆ ಬರುತ್ತಾ? ಪಾದಚಾರಿ ಸೊನ್ನೆ. ಮೂರು ದಿನ ಕೂತು ಎಣಿಸಿದ್ದಾರೆ."

ಮೇಸ್ತ್ರಿ ಕೆಮ್ಮಿದ. "ಯಾವಾಗ ಎಣಿಸಿದ್ದು ಸಾರ್?"

"ಯೋಜನೆಗೆ ಮುಂಚೆ."

"ಆಗ ಇಲ್ಲಿ ಬರೀ ಮುಳ್ಳುಗಿಡ ಇತ್ತು ಸಾರ್. ಹಾವು ದಾಟೋದನ್ನ ಎಣಿಸಿದ್ರಾ?"

ಎಲ್ಲರೂ ನಕ್ಕರು. ಆ ನಗುವಿನ ಬೆಲೆ ಅವಳ ತಲೆಗೆ ಬಿತ್ತು. ಇಂಜಿನಿಯರ್ ಎಲ್ಲರನ್ನೂ ಸುತ್ತ ನಿಲ್ಲಿಸಿದ. ಅವಳೊಬ್ಬಳೇ ಮೂವತ್ತೂ ಕಲ್ಲು ಕೀಳಬೇಕು, ಉಳಿದವರು ನೋಡಿ ಕಲಿಯಬೇಕು. ರಾತ್ರಿಯೆಲ್ಲ ಹಿಡಿದುಕೊಂಡಿದ್ದ ಗಾರೆ ಬಿಡಲಿಲ್ಲ. ಹಾರೆ ಹಾಕಿ ಎಬ್ಬಿಸಿದಳು. ಕೆಲವು ಕಲ್ಲಿನ ಅಂಚು ಮುರಿಯಿತು. ಹತ್ತನೆಯ ಕಲ್ಲಿಗೆ ಹಾರೆ ಜಾರಿ ಮೊಣಕಾಲಿಗೆ ಬಡಿಯಿತು. ಯಾರೋ ಒಂದು ಹೆಜ್ಜೆ ಮುಂದೆ ಬಂದರು. "ಯಾರೂ ಮುಟ್ಟಬಾರದು," ಎಂದ ಇಂಜಿನಿಯರ್. ಮೂವತ್ತನೆಯ ಕಲ್ಲನ್ನು ರಸ್ತೆ ಬದಿಯ ರಾಶಿಗೆ ಹಾಕುವಾಗ ಅವಳಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಆಮೇಲೆ ಹಳದಿ ಹಗ್ಗ ತಂದು, ಹಿಂದಕ್ಕೆ ಹೊಲದೊಳಗೆ ಹೋಗಿ ಹೊಸ ಗೂಟ ಬಡಿದಳು. ಒಂದೊಂದು ಮೂಲೆಗೆ ಐವತ್ತು ಕಲ್ಲು; ಮುಗಿಯುವಾಗ ನಡುರಾತ್ರಿ, ದಾಟುವ ರಸ್ತೆಬಾಯಿ ಎರಡರಷ್ಟು ಅಗಲವಾಗಿತ್ತು. ಹಳೆಯ ಗೂಟವನ್ನು ಕೀಳುವ ಶಕ್ತಿ ಇರಲಿಲ್ಲ. ಹೊಸ ಸಾಲು ಅದರ ಮುಂದೆಯೇ ಹಾದುಹೋಯಿತು. ಕಲ್ಲಿನ ಬೆನ್ನಿಗೆ ಅಂಟಿಕೊಂಡ ಹಾಗೆ ಅದು ಅಲ್ಲೇ ಉಳಿಯಿತು.

ನಾಚಿಕೆಗೋ ಸಿಟ್ಟಿಗೋ, ಆ ಮೂಲೆಯನ್ನು ಅವಳು ಹಿಂದೆಂದೂ ಮಾಡದಷ್ಟು ನುಣ್ಣಗೆ ಮಾಡಿದಳು. ಸಂದುಗಳನ್ನು ಕೈಯಿಂದ ತೀಡಿದಳು. ಇಂಜಿನಿಯರ್ ಸಾಲಿನ ಮೇಲೆ ಬೆರಳಾಡಿಸಿ, "ಬೆಣ್ಣೆ ಇದ್ದ ಹಾಗಿದೆ," ಎಂದ. ಅವಳ ಮುಖ ಇಷ್ಟಗಲವಾಯಿತು. ಆ ಕ್ಷಣವನ್ನು ನೆನೆದರೆ ಈಗ ಅವಳಿಗೆ ತನ್ನ ಮುಖವನ್ನೇ ಕಿತ್ತು ಎಸೆಯಬೇಕೆನಿಸುತ್ತದೆ.

ಮರುದಿನ ಸಂಜೆ ಅಕ್ಕ ಮನೆಗೆ ಬಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೇಳಿದ್ದಳು.

"ಏನೇ ಅದು, ನಿನ್ನೆ ಆ ಮೂಲೆ ಇಪ್ಪತ್ತೆರಡು ಹೆಜ್ಜೆ ಇತ್ತು. ಇವತ್ತು ನಲವತ್ತೈದು! ಒಂದೇ ರಾತ್ರಿಗೆ ರಸ್ತೆ ಹಡೆಯಿತಾ?"

"ನಿನ್ನೆಯದು ತಪ್ಪು. ಇವತ್ತಿನದು ಸರಿ."

"ಹೌದಾ? ನನ್ನ ಮಂಡಿಗೆ ನಿನ್ನೆಯದೇ ಸರಿ ಇತ್ತು."

ಇಬ್ಬರೂ ನಕ್ಕಿದ್ದರು.

ಅಕ್ಕ ಹೋದ ದಿನ ಅವಳ ಹಿಂದೆಯೇ ನಡೆಯುತ್ತಿದ್ದವಳು ಅದೇ ಕಾರ್ಖಾನೆಯ ಗೆಳತಿ. ಹೊತ್ತು ಎಷ್ಟಾಯಿತೆಂದು ಕೇಳದಿದ್ದರೂ ಹೇಳುವವಳು, ಅದಕ್ಕೆ ಎಲ್ಲರೂ ಅವಳನ್ನು ಗಡಿಯಾರ ಎನ್ನುತ್ತಿದ್ದರು. ಅವಳು ಬಂದು ತಂಗಿಯ ಎದುರು ನೆಲಕ್ಕೆ ಕೂತು ಹೇಳಿದಳು.

"ಎರಡೂವರೆಗೆ ಪಾಳಿ ಬಿಡ್ತು. ಎರಡೂ ಮೂವತ್ತೆಂಟಕ್ಕೆ ಮೂಲೆಗೆ ಬಂದ್ವಿ. ಒಂದು ಲಾರೀನೂ ಕಾಣ್ತಿರ್ಲಿಲ್ಲ. ಇವಳು ಎಣಿಸ್ತಾ ಹೊರಟಳು. ನಾನು ಹಿಂದೆ. ಅವಳ ದನಿ ನನಗೆ ಕೇಳ್ತಾ ಇತ್ತು. ಇಪ್ಪತ್ತೇಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು ಅಂದಳು." ಗಡಿಯಾರ ತನ್ನ ಬಾಯಿಯನ್ನು ಅಂಗೈಯಿಂದ ಒತ್ತಿಕೊಂಡಳು. "ಮೂವತ್ತು ಅನ್ನಲಿಲ್ಲ."

ಲಾರಿ ಒಳರಸ್ತೆಯಿಂದ ಬಂದಿತ್ತು. ಚಾಲಕ ಕುಡಿದಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ. ಹೇಳಿಕೆ ಕೊಡುವಾಗ ಅವನೂ ಅತ್ತನಂತೆ. ತಿರುವು ಎಷ್ಟು ನುಣುಪಾಗಿತ್ತೆಂದರೆ ಬ್ರೇಕ್ ಮುಟ್ಟುವ ಅಗತ್ಯವೇ ಬೀಳಲಿಲ್ಲ ಸಾರ್, ಎಂದನಂತೆ. ಮಂಡಿ ಕೆಟ್ಟ ಹೆಂಗಸು ನಲವತ್ತೈದು ಹೆಜ್ಜೆ ದಾಟಲು ಅರ್ಧ ನಿಮಿಷ ಬೇಕು. ಅರ್ಧ ನಿಮಿಷದಲ್ಲಿ ಆ ಲಾರಿ ಮುನ್ನೂರು ಮೀಟರ್ ಬರುತ್ತದೆ. ಅವಳು ಮೊದಲ ಹೆಜ್ಜೆ ಇಟ್ಟಾಗ ಅದು ಕಾಣುವಷ್ಟು ದೂರದಲ್ಲೇ ಇರಲಿಲ್ಲ.

ತನಿಖಾಧಿಕಾರಿ ಒಂದೂವರೆಗೆ ಬಂದ. ಕೆಟ್ಟವನಲ್ಲ. ಕಾರಿನಿಂದ ಇಳಿದವನೇ ನೀರಿನ ಬಾಟಲಿಯನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ನೀವೇನಾ ಕಟ್ಟಿದ್ದು?"

"ಹೌದು ಸಾರ್."

"ಮೃತರು ನಿಮಗೆ..."

"ಅಕ್ಕ."

ಅವನು ಕಾಗದ ನೋಡಿದ. "ಸರಿ. ಮೊದಲು ಅಳತೆ ಮುಗಿಸೋಣ."

ಅವಳು ಹೊಲದೊಳಗಿನ ಗೂಟಕ್ಕೆ ಹಳದಿ ಹಗ್ಗ ಕಟ್ಟಿದಳು. ಮೇಸ್ತ್ರಿ ಗೂಟದ ಬಳಿ ಕೂತ. ಅವಳು ತುದಿ ಹಿಡಿದಳು. ಬೇಕೆಂದರೆ ಸಡಿಲ ಬಿಡಬಹುದಿತ್ತು. ಒಂದು ಗೇಣು ಸಡಿಲ ಬಿಟ್ಟರೆ ಸಾಲು ಸೊಟ್ಟ ಎಂದಾಗುತ್ತಿತ್ತು. ತಪ್ಪು ರಸ್ತೆಯದಾಗುತ್ತಿತ್ತು. ಅವಳದಾಗುತ್ತಿತ್ತು. ಅಕ್ಕನದಾಗುತ್ತಿರಲಿಲ್ಲ. ಅವಳು ಆ ಯೋಚನೆಯನ್ನು ರಾತ್ರಿಯೆಲ್ಲ ಮಾಡಿದ್ದಳು. ಆದರೆ ಹಗ್ಗ ಕೈಗೆ ಬಂದ ಕೂಡಲೇ ಭುಜ ತನಗೆ ಗೊತ್ತಿದ್ದಷ್ಟೇ ಬಲ ಹಾಕಿ ಎಳೆಯಿತು. ಅವಳು ನಡೆದಳು. ಹಗ್ಗದ ಗಂಟು ಐವತ್ತು ಕಲ್ಲನ್ನೂ ಒಂದೊಂದಾಗಿ ಮುಟ್ಟಿತು. ಯಾವ ಕಲ್ಲೂ ಆಚೆ ಇರಲಿಲ್ಲ, ಈಚೆ ಇರಲಿಲ್ಲ.

ಎರಡನೆಯ ಮೂಲೆಯೂ ಹಾಗೇ.

"ಅದ್ಭುತ," ಎಂದ ಅಧಿಕಾರಿ. ಆ ಮಾತು ಬಾಯಿಂದ ಜಾರಿದ್ದಕ್ಕೆ ಅವನಿಗೇ ಇರಿಸುಮುರಿಸಾಯಿತು. ಚೌಕದಲ್ಲಿ ಗುರುತು ಹಾಕಿ ಕಾಗದವನ್ನು ಕಾರಿನ ಬಾನೆಟ್ ಮೇಲಿಟ್ಟ. "ಇಲ್ಲಿ ಸಹಿ ಮಾಡಿ."

ಅವಳು ಓದಿದಳು. ಓದಲು ಅವಳಿಗೆ ಬರುತ್ತಿತ್ತು. ತಿರುವಿನ ತ್ರಿಜ್ಯ: ನಿಯಮಾನುಸಾರ. ಮೇಲ್ಮೈ: ನಿಯಮಾನುಸಾರ. ಕಾಲುದಾರಿ: ಅನ್ವಯಿಸುವುದಿಲ್ಲ. ದಾಟುವ ಅಂತರ: ಅನ್ವಯಿಸುವುದಿಲ್ಲ. ಕಾರಣ: ಪಾದಚಾರಿಯ ಅಜಾಗರೂಕತೆ.

"ಸಾರ್, ಇಲ್ಲಿ ಒಂದು ಅಳತೆ ಬಿಟ್ಟುಹೋಗಿದೆ."

"ಯಾವುದು?"

"ದಾಟೋಕೆ ಎಷ್ಟು ದೂರ ಅಂತ."

"ಅದು ಈ ಬಡಾವಣೆಗೆ ಬರಲ್ಲಮ್ಮ. ಮನೆಗಳ ಕಡೆ ಮಾತ್ರ ಬರುತ್ತೆ."

"ನಲವತ್ತೈದು ಹೆಜ್ಜೆ ಸಾರ್. ಬರ್ಕೊಳ್ಳಿ."

"ಹೆಜ್ಜೆ ಅಳತೆ ಅಲ್ಲ."

"ಅಕ್ಕಂಗೆ ಅದೇ ಅಳತೆ. ಇಪ್ಪತ್ತೊಂಬತ್ತಕ್ಕೆ ಮುಗೀತು. ಅದನ್ನೂ ಬರ್ಕೊಳ್ಳಿ."

ಇಂಜಿನಿಯರ್ ಮಧ್ಯೆ ಬಂದ. "ನೋಡು, ನಿನ್ನ ದುಃಖ ಅರ್ಥ ಆಗುತ್ತೆ. ಆದ್ರೆ ನೀನೇ ಅಳೆದೆ. ನೀನೇ ನೋಡಿದೆ. ಅಳತೆಯಲ್ಲಿ ತಪ್ಪಿದೆಯಾ?"

"ಇಲ್ಲ ಸಾರ್."

"ಮತ್ತೆ?"

"ನಾನು ತಪ್ಪು ಮಾಡಿದ್ದು ಒಂದೇ ಸಲ. ಆವತ್ತು ಇಲ್ಲಿ ಇಪ್ಪತ್ತೆರಡು ಹೆಜ್ಜೆ ಇತ್ತು. ನೀವು ಎಲ್ಲರ ಮುಂದೆ ನನ್ನ ಕೈಲಿ ಕೀಳಿಸಿದ್ರಿ. ಆ ತಪ್ಪು ಇದ್ದಿದ್ರೆ ಅಕ್ಕ ಇರ್ತಿದ್ಲು."

ಇಂಜಿನಿಯರ್ ಪುಸ್ತಕವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದ. "ಎಷ್ಟೇ ಆಗ್ಲಿ, ಮುಂದಿನ ಹಂತದಲ್ಲಿ ಇನ್ನೂ ಎಂಟು ಮೂಲೆ ಇದೆ. ನಾಳೆಯಿಂದ ಅಲ್ಲಿ ನೀನೇ ಬೇಕು. ಕಾಯಂ ಮಾಡಿಸ್ತೀವಿ. ಸಹಿ ಹಾಕು, ಮನೆಗೆ ಹೋಗಿ ಮಲ್ಕೋ."

ಅವಳು ಪೆನ್ನು ಬಾನೆಟ್ ಮೇಲಿಟ್ಟಳು.

"ಹಾಕಲ್ಲ."

"ಏನು?"

"ಸಹಿ ಹಾಕಲ್ಲ. ಎಂಟು ಮೂಲೆನೂ ಹಾಕಲ್ಲ. ಹಳದಿ ಹಗ್ಗ ನಾನು ಇನ್ನು ಮುಟ್ಟಲ್ಲ."

ಹಳದಿ ಸುರುಳಿಯನ್ನು ಇಂಜಿನಿಯರನ ಕಾಲ ಬುಡದಲ್ಲಿ ಇಳಿಸಿದಳು. ಎಸೆಯಲಿಲ್ಲ. ಹನ್ನೊಂದು ವರ್ಷ ಅನ್ನ ಕೊಟ್ಟ ವಸ್ತು. ಕಲ್ಲುಸಾಲಿನ ಹಿಂದಕ್ಕೆ ಹೋಗಿ ಬಗ್ಗಿ ಹುಲ್ಲು ಸರಿಸಿದಳು. ಹಳೆಯ ಗೂಟ ಅಲ್ಲೇ ಇತ್ತು. ತಲೆ ಮುರಿದಿತ್ತು, ಬುಡ ಗಟ್ಟಿಯಿತ್ತು. ಕೆಂಪು ಹಗ್ಗವನ್ನು ಅದಕ್ಕೆ ಕಟ್ಟಿದಳು. ತುದಿಗೆ ಸುಣ್ಣದ ಕಲ್ಲು ಸಿಕ್ಕಿಸಿ ಟಾರಿನ ಮೇಲೆ ಕಾಲುವೃತ್ತ ಎಳೆದಳು, ಎದುರು ಮೂಲೆಯಲ್ಲೂ ಹಾಗೇ ಇನ್ನೊಂದು. ಆಮೇಲೆ ರಸ್ತೆ ಬದಿಯ ರಾಶಿಗೆ ಹೋದಳು. ಅವಳು ಕಿತ್ತ ಮೂವತ್ತು ಕಲ್ಲು ಆರು ತಿಂಗಳಿಂದ ಅಲ್ಲೇ ಬಿದ್ದಿದ್ದವು. ಮೊದಲನೆಯದನ್ನು ನಿಲ್ಲಿಸಿ, ಎಡಮೂಲೆ ಬಲಮೂಲೆ ಊರಿಸುತ್ತ ನಡೆಸಿಕೊಂಡು ಬಂದಳು. ಸುಣ್ಣದ ಗೆರೆಯ ಮೇಲೆ ಕೂರಿಸಿದಳು. ಎರಡನೆಯದಕ್ಕೆ ಹೋದಳು.

"ಏನಮ್ಮ ಮಾಡ್ತಿದೀಯಾ? ಇದು ಅಪರಾಧ!" ಎಂದ ಇಂಜಿನಿಯರ್.

"ಅಜಾಗರೂಕತೆ ಸಾರ್. ಬರ್ಕೊಳ್ಳಿ."

ಏಳನೆಯ ಕಲ್ಲಿಗೆ ಸೊಂಟ ಹಿಡಿಯಿತು. ಕಲ್ಲು ವಾಲಿತು. ಬೀಳುವ ಮೊದಲು ಇನ್ನೆರಡು ಕೈ ಅದನ್ನು ಹಿಡಿದವು. ಮೇಸ್ತ್ರಿ.

"ಮೇಸ್ತ್ರಿ, ಬಿಡಿ ಅದನ್ನ," ಎಂದ ಇಂಜಿನಿಯರ್.

"ನಿಯಮ ಸಾರ್," ಎಂದ ಮೇಸ್ತ್ರಿ ಏದುಸಿರು ಬಿಡುತ್ತ. "ಒಂದು ಕಲ್ಲಿಗೆ ಇಬ್ಬರು. ಪುಸ್ತಕದಲ್ಲೇ ಇದೆ, ನೋಡಿ."

ಎರಡೂವರೆಗೆ ಪಾಳಿ ಬಿಟ್ಟಿತು. ನೀಲಿ ಕೋಟಿನ ಹೆಂಗಸರು ಮೂಲೆಗೆ ಬಂದು ನಿಂತರು. ಗಡಿಯಾರ ಊಟದ ಡಬ್ಬಿಯನ್ನು ಕೆಳಗಿಟ್ಟು ಒಂದು ಕಲ್ಲಿನ ತುದಿ ಹಿಡಿದಳು. ಇನ್ನೊಬ್ಬಳು ಇನ್ನೊಂದು ತುದಿ. ತಂಗಿ ಬೆರಳು ತೋರಿಸುತ್ತಿದ್ದಳು: ಸ್ವಲ್ಪ ಈಚೆ, ಕೂದಲೆಳೆಯಷ್ಟು, ಸಾಕು. ಅಧಿಕಾರಿ ಫೋನು ಹಿಡಿದು ದೂರ ಹೋದ.

ಮರುದಿನ ಬೆಳಿಗ್ಗೆ ಲೋಡರ್ ಬಂದು ಮೂವತ್ತು ಕಲ್ಲನ್ನೂ ಒಂದೇ ಬಾಚಿಗೆ ಬಾಚಿ ಚರಂಡಿಗೆ ಸುರಿಯಿತು. ಅವಳ ಮೇಲೆ ದೂರು ದಾಖಲಾಯಿತು. ಹಾಜರಾತಿ ಪಟ್ಟಿಯಿಂದ ಹೆಸರು ಹೊಡೆದರು. ಮೇಸ್ತ್ರಿಯನ್ನೂ ತೆಗೆದರು. ಅಂಗಡಿಯಿಂದ ಹೊಸ ಹಳದಿ ಹಗ್ಗ ಬಂತು. ಉಳಿದ ಎಂಟು ಮೂಲೆಗಳನ್ನು ಬೇರೆ ಯಾರೋ ಕಟ್ಟಿದರು, ಹದಿನೈದಕ್ಕೆ ಒಂದಿಷ್ಟು ಹೆಚ್ಚೋ ಕಡಿಮೆಯೋ. ಕಾಗದದಲ್ಲಿ ಅಕ್ಕನ ತಪ್ಪು ಹಾಗೇ ಉಳಿಯಿತು. ಕಟ್ಟಿದವರ ಸಹಿಯ ಜಾಗ ಮಾತ್ರ ಖಾಲಿ.

ಅದೆಲ್ಲ ಮರುದಿನದ, ಆಮೇಲಿನ ಮಾತು.

ಆ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ಕಲ್ಲು ಕೂತಿತು. ಒಳರಸ್ತೆಯಿಂದ ಒಂದು ಲಾರಿ ಬಂತು. ಬಿಗಿ ತಿರುವನ್ನು ಕಂಡಿತು. ಬ್ರೇಕ್ ಹಾಕಿತು. ಹಾರ್ನ್ ಹೊಡೆಯಿತು. ಕೊನೆಗೆ ನಿಂತಿತು.

ತಂಗಿ ಗಡಿಯಾರದ ಕೈ ಹಿಡಿದುಕೊಂಡಳು. ಇಬ್ಬರೂ ಅಕ್ಕ ನಡೆಯುತ್ತಿದ್ದ ಹಾಗೆ ನಡೆದರು, ಬಲಗಾಲನ್ನು ಸ್ವಲ್ಪ ಎಳೆಯುತ್ತ. ಹಿಂದೆ ನೀಲಿ ಕೋಟುಗಳು. ಗಡಿಯಾರ ಎಣಿಸಲು ಶುರುಮಾಡಿದಳು, ತಂಗಿ ದನಿ ಕೂಡಿಸಿದಳು. ಹತ್ತಾಯಿತು. ಹದಿನೈದಾಯಿತು. ಇಪ್ಪತ್ತಾಯಿತು. ಗಡಿಯಾರ ಎಣಿಸುವುದನ್ನು ನಿಲ್ಲಿಸಿದಳು. ಇನ್ನೇನು ಆ ಸಂಖ್ಯೆ ಬರುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

"ಇಪ್ಪತ್ತೊಂದು," ಎಂದಳು ತಂಗಿ. "ಇಪ್ಪತ್ತೆರಡು."

ಕಾಲಿಗೆ ಕಲ್ಲು ತಗುಲಿತು. ಆಚೆ ಬದಿ ಬಂದಿತ್ತು. ಇಪ್ಪತ್ತೊಂಬತ್ತು ಬರಲೇ ಇಲ್ಲ.